ನಾಲ್ಕನೆಯ ಗುಂಡಿ

ಕಡಹಿನಬೈಲಿನ ಗಣಿತದ ಟೀಚರ್ ಅನ್ನಪೂರ್ಣಮ್ಮ ಇಪ್ಪತ್ತೆರಡು ವರ್ಷ ರಟ್ಟಿನ ದೋಸೆ ಕತ್ತರಿಸಿಯೇ ಭಿನ್ನರಾಶಿ ಕಲಿಸಿದವರು. ಅವರ ತರಗತಿಯಲ್ಲಿ ತಪ್ಪು ಉತ್ತರಕ್ಕೆ ಬೈಗುಳವಿರಲಿಲ್ಲ. ಗೊತ್ತಿಲ್ಲದೆಯೂ ಗೊತ್ತಿದ್ದವರಂತೆ ತಲೆಯಾಡಿಸಿದವರ ಗ್ರಹಚಾರ ಮಾತ್ರ ಬಿಡಿಸುತ್ತಿದ್ದರು.

೨೦೦೮ರಲ್ಲಿ ಇಲಾಖೆಯೂ ಒಂದು ಸಂಸ್ಥೆಯೂ ಕೈಜೋಡಿಸಿ ಶಿಕ್ಷಕರ ಪಾಠಗಳನ್ನು ಇಂಟರ್ನೆಟ್ಟಿಗೆ ಏರಿಸಲು ಹೊರಟವು. ಸಂಸ್ಥೆಯ ತರಬೇತುದಾರ ಕಾಂತೇಶ್ ರಟ್ಟಿನ ದೋಸೆಗಳನ್ನು ಕಂಪ್ಯೂಟರಿನೊಳಗೆ ಚೆಂದವಾಗಿಯೇ ಹುಯ್ದ. ಪ್ರತಿ ಪ್ರಶ್ನೆಯ ಕೆಳಗೆ ಉತ್ತರದ ಮೂರು ಗುಂಡಿ ಇಟ್ಟ.

"ನಾಲ್ಕನೇದೊಂದು ಬೇಕು ಮಾರಾಯ," ಎಂದರು ಅನ್ನಪೂರ್ಣಮ್ಮ. "'ಗೊತ್ತಿಲ್ಲ ಟೀಚರ್' ಅಂತ."

"ಅದು ಉತ್ತರ ಅಲ್ವಲ್ಲ ಮೇಡಂ."

"ಪಾಠ ಶುರುವಾಗೋದೇ ಅಲ್ಲಿಂದ. ಇಲ್ದಿದ್ರೆ ಮಕ್ಕಳು ಕಣ್ಣುಮುಚ್ಚಿ ಯಾವುದೋ ಒಂದು ಒತ್ತಿ ಪಾಸಾಗ್ತಾವೆ. ಹಾಕಲ್ಲ ಅಂದ್ರೆ ನನ್ನ ದೋಸೆ ವಾಪಸ್ ಕೊಡು."

ಕಾಂತೇಶ್ ಹಾಕಿದ. ಅದನ್ನು ಒತ್ತಿದರೆ ದೋಸೆ ನಿಧಾನವಾಗಿ ತುಂಡಾಗಿ, ಪಾಠ ಮೊದಲಿನಿಂದ ಶುರುವಾಗುತ್ತಿತ್ತು.

ಎನ್.ಆರ್. ಪುರದಲ್ಲಿ ಉದ್ಘಾಟನೆ. ಶಾಲು ಹೊದ್ದ ಇಲಾಖೆಯ ದೊಡ್ಡ ಸಾಹೇಬರು ಮಕ್ಕಳ ಲೆಕ್ಕಜ್ಞಾನ ಹಾಳಾಯಿತೆಂದು ಒಂದು ಗಂಟೆ ಕೊರೆದು, ನಿಂತೇ ಮೌಸ್ ಹಿಡಿದರು. ಗೋಡೆಯ ಪರದೆಯಲ್ಲಿ ಪ್ರಶ್ನೆ ಮೂಡಿತು: ಮುಕ್ಕಾಲನ್ನು ಅರ್ಧದಿಂದ ಭಾಗಿಸಿದರೆ ಎಷ್ಟು?

ಇಡೀ ಸಭೆ ಕಾಯಿತು. ಸಾಹೇಬರ ಹಣೆಯ ಬೆವರು ಶಾಲಿಗಿಳಿಯಿತು. ಪರದೆಯ ಬಾಣ ಮೂರೂ ಗುಂಡಿಗಳ ಮೇಲೆ ಅಲೆದಾಡಿ, ಕೊನೆಗೆ ನಾಲ್ಕನೆಯದರ ಮೇಲೆ ಕೂತಿತು. ಟಕ್.

ಅನ್ನಪೂರ್ಣಮ್ಮ ಎದ್ದು ನಿಂತು ಚಪ್ಪಾಳೆ ತಟ್ಟಿದರು.

"ಕೂತ್ಕೊಳ್ಳಿ ಸರ್," ಎಂದರು. "ಇನ್ನು ನಿಮಗೆ ಕಲಿಸಬಹುದು."