ಬಾನೆಟ್ಟಿಗೆ ವಿಭೂತಿ

ಅಬ್ಬಿಗೆರೆಯ ನನ್ನ ಪಾಲಿಶ್ ಶೆಡ್ಡಿಗೆ ರುದ್ರಪ್ಪನವರು ಕಪ್ಪು ಕಾರು ತಂದಿದ್ದರು. ದಿನಾ ಬಾನೆಟ್ಟಿಗೆ ವಿಭೂತಿ ಬಳಿದು, ಮರುದಿನ ಒಣಬಟ್ಟೆಯಲ್ಲಿ ಉಜ್ಜಿ ಒರೆಸಿ, ಬಣ್ಣದ ತುಂಬ ಗೀರು ಮಾಡಿದ್ದರು. ನಾನು ಮೆತ್ತನೆಯ ಸ್ಪಂಜಿನ ಪ್ಯಾಡ್ ಹಾಕಿ, ಮೆಷಿನ್ ನಿಧಾನಕ್ಕಿಟ್ಟೆ.

"ಉಣ್ಣೆ ಪ್ಯಾಡ್ ಹಾಕಿ ಸ್ಪೀಡ್ ಏರ್ಸಿ ಕಣ್ರೀ. ಇಂಗೆ ಸವರ್ತಾ ಕೂತ್ರೆ ಯುಗಾದಿ ಬರ್ತದೆ."

"ಬಣ್ಣ ತೆಳ್ಳಗಾಗಿದೆ ಯಜಮಾನ್ರೇ. ಬಿಸಿಯಾದ್ರೆ ಸುಟ್ಟು ತಗಡು ಕಾಣ್ತದೆ."

ಸಂಜೆಯವರೆಗೂ ಇದೇ ಮಾತು, ಇದೇ ಉತ್ತರ. ಕೊನೆಗೆ ಬಾನೆಟ್ ಕನ್ನಡಿಯಂತಾಯಿತು. ನಾನೂ ವಿಭೂತಿ ಇಡುವವನೇ. ಆದರೂ ಕೈಮುಗಿದು, "ವಿಭೂತಿ ನಮ್ಮ ಹಣೆಗಿರಲಿ, ಕಾರಿಗೆ ಹೂವು ಸಾಕು" ಎಂದೆ.

ಮರುದಿನ ಚೆಂಡುಹೂವಿನ ಹಾರ ಹಾಕಿಕೊಂಡೇ ಕಾರು ಬಂತು. ಹಾರ ಜಾರದಂತೆ ಬಾನೆಟ್ ಮೇಲೆ ಕಬ್ಬಿಣದ ತಂತಿ ಬಿಗಿದಿದ್ದರು; ಅದು ಉಜ್ಜಿ ಉದ್ದಕ್ಕೂ ಹೊಸ ಗೀರು ಬಿದ್ದಿತ್ತು.

"ನಿಮ್ಮ ಮಾತು ಮೀರ್ಲಿಲ್ಲ ನೋಡಿ" ಅಂದರು.

ಇನ್ನೊಮ್ಮೆ ತಿಕ್ಕಲು ಬಣ್ಣವೂ ಉಳಿದಿರಲಿಲ್ಲ, ನನ್ನ ತಾಳ್ಮೆಯೂ.