ಅರವತ್ಮೂರು ಲೇಖನಗಳ ಬೇರು

ವರಲಕ್ಷ್ಮಿ ಮಧುಗಿರಿಯ ನಮ್ಮ ಕಾಲೇಜಿನಲ್ಲಿ ಸಮಾಜಶಾಸ್ತ್ರದ ಅತಿಥಿ ಉಪನ್ಯಾಸಕಿ. ಅತಿಥಿ ಎನ್ನುವುದು ಹೆಸರಿಗಷ್ಟೇ. ವರ್ಷವರ್ಷವೂ ಕೆಲಸ ಉಳಿಯುತ್ತದೋ ಇಲ್ಲವೋ ಎಂದು ಜೀವ ಕೈಯಲ್ಲಿ ಹಿಡಿದು ಕೂರಬೇಕು. ಪಿಎಚ್‌ಡಿ ಮುಗಿದರೆ ಆ ಗೋಳು ತಪ್ಪೀತೆಂದು ಅವಳ ಆಸೆ. ಪಾವಗಡದ ಸೋಲಾರ್ ಪಾರ್ಕಿನ ಬಗ್ಗೆ ಬಂದ ಲೇಖನಗಳ ಬಿಬ್ಲಿಯೋಮೆಟ್ರಿಕ್ ವಿಶ್ಲೇಷಣೆ ಅವಳ ವಿಷಯ. ಕಾಲೇಜಿನ ಗ್ರಂಥಪಾಲಕಿಯಾದ ನನ್ನನ್ನು ಕೇಳಿದರೆ, ಯಾರ ಮಾತನ್ನು ಯಾರು ಎಷ್ಟು ಸಲ ಎತ್ತಿಕೊಂಡರು ಎಂಬ ಲೆಕ್ಕಕ್ಕೆ ಇಟ್ಟ ದೊಡ್ಡ ಹೆಸರು ಅದು.

ಒಂದು ಮಧ್ಯಾಹ್ನ ಅವಳು ಕಂಪ್ಯೂಟರಿನ ಮುಂದೆ ಕಲ್ಲಾಗಿ ಕೂತಿದ್ದಳು. "ಪಾರ್ಕಿನಿಂದ ಹೆಂಗಸರಿಗೆ ತೊಂದರೆಯಾಗಿಲ್ಲ" ಎಂಬ ಮಾತು ಅರವತ್ಮೂರು ಲೇಖನಗಳಲ್ಲಿತ್ತು. ಒಂದರಿಂದ ಇನ್ನೊಂದಕ್ಕೆ ಹಿಂದೆ ಹಿಂದೆ ಹೋದರೆ ಎಲ್ಲವೂ ಸೇರುತ್ತಿದ್ದುದು ಒಂದೇ ಕಡೆಗೆ. ಎಂಟು ವರ್ಷದ ಹಿಂದೆ, ಎಂ.ಎ. ಓದುವಾಗ, ಪಾರ್ಕಿನ ಪಕ್ಕದ ಕ್ಯಾತಗಾನಚೆರ್ಲಿನಲ್ಲಿ ಅವಳೇ ಮಾಡಿ ಅಚ್ಚು ಹಾಕಿಸಿದ್ದ ಸಮೀಕ್ಷೆಗೆ!

"ಸರೋಜಕ್ಕಾ, ನಾನು ಹೆಂಗಸ್ರನ್ನ ಕೇಳೇ ಇರ್ಲಿಲ್ಲ. ಅವ್ರು ಬಾಗ್ಲ ಹಿಂದೆ ನಿಂತಿದ್ರು. ಗಂಡಸ್ರು ಹೇಳಿದ್ದನ್ನೇ ಅವ್ರ ಫಾರಂಗೂ ತುಂಬ್ಬುಟ್ಟೆ" ಎಂದಳು.

ನಮ್ಮ ಕಡೆ ಗಣತಿಯವರು ಬಂದರೆ ಬಾಯಿ ಬಿಡುವುದು ಯಜಮಾನನೇ. ನಾನೂ ಹಾಗೆ ಒಳಗೆ ನಿಂತವಳೇ. ಆದರೆ ಅರವತ್ಮೂರು ಪಂಡಿತರಲ್ಲಿ ಒಬ್ಬರಾದರೂ ಊರಿಗೆ ಹೋಗಿ ಕೇಳಬಾರದಿತ್ತೇ? ಸಿಟ್ಟು ನೆತ್ತಿಗೇರಿತು.

ಅವಳ ಗೈಡ್ ಫೋನಿನಲ್ಲಿ, "ಆ ಸಮೀಕ್ಷೆಯ ಮಾತು ಕೈಬಿಡಮ್ಮ, ಮುಂದಿನ ತಿಂಗಳೇ ಪ್ರಬಂಧ ಕೊಡು. ಬಿಚ್ಚಿಟ್ರೆ ನಿನ್ನ ಹೆಸರೇ ಕೆಡುತ್ತೆ, ಎರಡು ವರ್ಷ ಹಿಂದೆ ಬೀಳ್ತೀಯ" ಎಂದರು.

ಶನಿವಾರ ನಾವಿಬ್ಬರೂ ಕ್ಯಾತಗಾನಚೆರ್ಲಿಗೆ ಬಸ್ಸು ಹತ್ತಿದೆವು. ಹಳೇ ಫಾರಂಗಳಲ್ಲಿ ಮೊದಲ ಹೆಸರು ಮಾರಕ್ಕನದು. ಗಂಡ ದೊಡ್ಡರಂಗಪ್ಪ ಜಗುಲಿಯಲ್ಲೇ ಉತ್ತರ ಶುರುಮಾಡಿದ. "ನೀವು ಸುಮ್ನಿರಿ ಅಣ್ಣಾ, ಅಕ್ಕ ಹೇಳ್ಲಿ" ಎಂದಳು ವರಲಕ್ಷ್ಮಿ.

ಮಾರಕ್ಕ ಹೊಸಿಲು ದಾಟಿ ಬಂದು ಕೂತಳು. "ಏನ್ ಹೇಳಾದಮ್ಮಾ? ಇವ್ರಿಗೆ ಪಾರ್ಕಲ್ಲಿ ವಾಚ್‌ಮನ್ ಕೆಲ್ಸ ಸಿಕ್ತು, ತೊಂದ್ರೆ ಇಲ್ಲ ಅಂದ್ಬುಟ್ರು. ಕಳ್ಳೇಕಾಯಿ ಕೀಳಕ್ಕೆ ಇಪ್ಪತ್ತು ಜನ ಹೆಂಗಸ್ರು ಹೋಗ್ತಿದ್ವಿ. ಆ ಹೊಲ್ದ ತುಂಬಾ ಈಗ ಸೋಲಾರ್ ಪ್ಲೇಟು. ಕೂಲಿಗೆ ಆಂಧ್ರದ ಕಡೀಕೆ ಹೋಗ್ಬೇಕು."

"ಆವತ್ತೇ ಯಾಕೆ ಹೇಳ್ಲಿಲ್ಲ ಅಕ್ಕಾ?"

"ನೀನು ಕೇಳ್ಲಿಲ್ವಲ್ಲಮ್ಮಾ. ನೀನೂ ಹೆಣ್ಣೆಂಗ್ಸು, ನಮ್ ಕಷ್ಟ ನಿಂಗೆ ಗೊತ್ತಿರ್ತದೆ, ಬರ್ಕೊಂಡಿರ್ತೀಯ ಅಂತ ಸುಮ್ನಾದ್ವಿ."

ವರಲಕ್ಷ್ಮಿ ಬಿಕ್ಕಿಬಿಕ್ಕಿ ಅತ್ತಳು. ನನಗೂ ತಡೆಯಲಾಗಲಿಲ್ಲ.

ಪ್ರಬಂಧ ಮುಂದಿನ ತಿಂಗಳು ಹೋಗಲಿಲ್ಲ. "ಈ ತಪ್ಪು ನನ್ನಿಂದ ಶುರುವಾಯಿತು" ಎಂದು ಅದರಲ್ಲಿ ಬರೆದು, ಆ ಇಪ್ಪತ್ತು ಹೆಂಗಸರನ್ನೂ ಒಬ್ಬೊಬ್ಬರನ್ನಾಗಿ ಕೇಳಲು ಹೊರಟಳು. ಅಷ್ಟರಲ್ಲಿ ಪಿಎಚ್‌ಡಿ ಆದವರೊಬ್ಬರು ಬಂದು ಅವಳ ಜಾಗಕ್ಕೆ ಸೇರಿದರು, ಅವಳ ಕೆಲಸ ಹೋಯಿತು. ಸುದ್ದಿ ಹೇಳಿದವಳು ನಾನೇ. ಅವಳು ಫಾರಂಗಳನ್ನು ಚೀಲಕ್ಕೆ ತುಂಬುತ್ತ ಕೇಳಿದಳು: "ಇನ್ನೂ ಏಳು ಮನೆ ಉಳಿದಾವೆ ಅಕ್ಕಾ, ಬತ್ತೀರಾ?"