ಇಳಿಸಿದ್ದು ಎಲ್ಲಿ ಇಳಿಯಿತು

ತೊಂಬತ್ತೊಂಬತ್ತನೇ ಇಸವಿ, ಮಾರ್ಚ್ ೨೭, ಶನಿವಾರ. ದಿನಚರಿಯ ಆ ಪುಟ ಹೀಗೆ ಶುರುವಾಗುತ್ತದೆ: “೭.೧೦ ಕಂಪ್ಯೂಟರ್ ಆನ್. ೯.೪೦ ಪೂರ್ತಿ ಇಳಿಯಿತು. ೯.೫೫ ಕರೆಂಟ್ ಹೋಯಿತು.” ‘ಪೂರ್ತಿ ಇಳಿಯಿತು’ ಎಂಬುದರ ಕೆಳಗೆ ಖುಷಿಗೆ ಎರಡು ಗೆರೆ ಎಳೆದಿದ್ದೇನೆ. ಆ ಗೆರೆ ಕಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಆಗ ನಾನು ಪಾಂಡವಪುರದ ಒಂದು ಡಿಟಿಪಿ ಅಂಗಡಿಯಲ್ಲಿ ಟೈಪ್ ಮಾಡುತ್ತಿದ್ದೆ. ಅಂಗಡಿ ನಡೆಸುತ್ತಿದ್ದವರನ್ನು ಅಕ್ಕ ಎಂದೇ ಕರೆಯುತ್ತಿದ್ದೆ. ಮರಗೆಲಸದ ಆಚಾರ್ರ ಮನೆಯವರು. ಕಂಪ್ಯೂಟರ್ ಇಟ್ಟಿದ್ದ ಮೇಜು ಅವರಪ್ಪನ ಕೈಕೆಲಸ. ಕೀಬೋರ್ಡಿನ ಹಲಗೆ ಮಗಳ ಕೈಗೆ ಸರಿಹೋಗುವವರೆಗೆ ಮೂರು ಸಲ ಬಿಚ್ಚಿ ಕೂರಿಸಿದ್ದರಂತೆ. ಅಂಗಡಿ ತೆರೆದು ಹತ್ತು ತಿಂಗಳಾಗಿದ್ದರೂ ಲಗ್ನಪತ್ರಿಕೆ, ಅರ್ಜಿ, ನೋಟೀಸು ಬಿಟ್ಟು ದೊಡ್ಡ ಕೆಲಸ ಬಂದಿರಲಿಲ್ಲ. ಚಿನಕುರಳಿ ಕಡೆಯ ಒಂದು ಶಾಲೆಯ ಹೆಡ್‌ಮೇಷ್ಟ್ರು ಪರೀಕ್ಷೆಯ ಏಳು ಪ್ರಶ್ನೆಪತ್ರಿಕೆ ತಂದುಕೊಟ್ಟ ದಿನ ಅಕ್ಕ ಅಂದಿದ್ದರು, “ಇದೊಂದು ನೆಟ್ಟಗೆ ಮಾಡ್ಕೊಟ್ರೆ ವರ್ಸ ಪೂರ್ತಿ ಅವ್ರ ಕೆಲ್ಸ ನಮ್ಗೇ ಕಣೋ.” ಪರೀಕ್ಷೆ ಸೋಮವಾರದಿಂದ.

ಏಳನ್ನೂ ಬುಧವಾರಕ್ಕೇ ಟೈಪ್ ಮಾಡಿ ಮುಗಿಸಿದ್ದೆ. ತೊಂದರೆ ಪ್ರಿಂಟರಿನದು. ಹಳೆಯದರಲ್ಲಿ ಒತ್ತಕ್ಷರ ಕಲಸಿಹೋಗುತ್ತದೆಂದು ಅಕ್ಕ ಅದನ್ನು ಮೈಸೂರಿನಲ್ಲಿ ಕೊಟ್ಟು, ಯಾರೋ ಬಳಸಿದ್ದ ಲೇಸರ್ ಪ್ರಿಂಟರ್ ತಂದಿದ್ದರು. ಪ್ರಿಂಟರ್ ಬಂತು, ಅದರ ಡ್ರೈವರ್ ಇದ್ದ ಫ್ಲಾಪಿ ಬರಲಿಲ್ಲ. ಡ್ರೈವರ್ ಇಲ್ಲದಿದ್ದರೆ ಕಂಪ್ಯೂಟರ್ ಹೇಳುವುದು ಪ್ರಿಂಟರಿಗೆ ತಿಳಿಯುವುದಿಲ್ಲ. ಹಾಗಾಗಿ ಇಂಟರ್‌ನೆಟ್ಟಿನಿಂದ ಇಳಿಸಿಕೊಳ್ಳಬೇಕಾಯಿತು. ಗುರುವಾರ ಒಂದು ಸಲ, ಶುಕ್ರವಾರ ಎರಡು ಸಲ ಹಿಡಿದೆ. ಲೈನ್ ಕಡಿದದ್ದು ನೂರಕ್ಕೆ ೪೧, ೬೮, ೯೩ ಆದಾಗ. ೯೩ರಲ್ಲಿ ಕಡಿದದ್ದು, ಅಂಗಡಿಯ ಹಿಂದಿನ ಮನೆಯಲ್ಲಿ ಅಕ್ಕನ ತಾಯಿ ಅದೇ ಲೈನಿನ ಫೋನೆತ್ತಿ ‘ಅಲೋ’ ಅಂದದ್ದಕ್ಕೆ.

ಶನಿವಾರ, ನಾಲ್ಕನೇ ಸಲ, ಇಳಿಯಿತು. ಹದಿನೈದು ನಿಮಿಷಕ್ಕೆ ಕರೆಂಟ್ ಹೋಯಿತು. ೧೧.೪೦ಕ್ಕೆ ಬಂದ ಮೇಲೆ ನೋಡಿದರೆ ಫೈಲೇ ಇಲ್ಲ.

ಅದಕ್ಕೆ ‘ಪ್ರಿಂಟರ್’ ಎಂದು ಇಂಗ್ಲಿಷಿನಲ್ಲಿ ಹೆಸರು ಹೊಡೆದದ್ದು ಚೆನ್ನಾಗಿ ನೆನಪಿತ್ತು. ಯಾವ ಫೋಲ್ಡರಿಗೆ ಹಾಕಿದೆ ಎಂಬುದು ನೆನಪಿರಲಿಲ್ಲ. ಹೆಸರು ಹಿಡಿದು ಆರು ಸಲ ಹುಡುಕಿದೆ. ಆಮೇಲೆ ಮಾರ್ಚ್ ೨೭ರ ತಾರೀಖು ಕೊಟ್ಟು ಮೂರು ಸಲ. ಒಂಬತ್ತು ಸಲವೂ ಕಂಪ್ಯೂಟರ್ ಸೊನ್ನೆ ತೋರಿಸಿತು, ಒಂಬತ್ತು ಸಲವೂ ಅಕ್ಕ ಅದನ್ನು ಬೈದರು. ಬೆಳಿಗ್ಗೆ ನನ್ನ ಕಣ್ಣೆದುರೇ ನೂರಕ್ಕೆ ನೂರು ಎಂದು ತೋರಿಸಿದ್ದ ಅದೇ ಪರದೆ!

ಒಂದೂವರೆಗೆ ಹೆಡ್‌ಮೇಷ್ಟ್ರು ಬಂದರು. ಅಕ್ಕ ಕುರ್ಚಿ ಹಾಕಿ ಕಾಫಿ ತರಿಸಿದರು. ಮೇಷ್ಟ್ರು ಕಾಫಿ ಕುಡಿಯುತ್ತ ನನ್ನ ಬೆನ್ನ ಹಿಂದೆಯೇ ಕೂತರು.

“ಇಳ್ಸಿದ್ದಂತೂ ನಿಜ ತಾನೇನ್ಲಾ?”

“ಇಳಿಸಿದೀನಿ ಸಾರ್. ಎಲ್ಲಿ ಕೂತಿದೆ ಅಂತ ಗೊತ್ತಾಗ್ತಿಲ್ಲ.”

“ಗಾಡಿಯಿಂದ ಕಬ್ಬು ಇಳ್ಸೋನಿಗೂ ಎಲ್ಲಿ ಇಳ್ಸಿದೆ ಅನ್ನೋದು ಗೊತ್ತಿರ್ತದೆ ಕಣಯ್ಯ. ಇದೇನು ನಿಂದು?”

“ಇನ್ನೊಂದ್ಸಲ ಇಳ್ಸೋಕಾಗಲ್ವೇನೋ?” ಎಂದರು ಅಕ್ಕ. ಅದಕ್ಕೆ ಎರಡೂವರೆ ಗಂಟೆ ಬೇಕು, ಅದೂ ಲೈನ್ ಸಿಕ್ಕರೆ. ಸಿಗಲಿಲ್ಲ, ಹನ್ನೊಂದು ಸಲ ಡಯಲ್ ಮಾಡಿದೆ.

ಮೂರಕ್ಕೆ ಐದು ನಿಮಿಷ ಇರುವಾಗ ಮೇಷ್ಟ್ರು ಎದ್ದರು. ತಮ್ಮ ಕೈಬರಹದ ಪ್ರತಿಗಳನ್ನು ಬ್ಯಾಗಿಗೆ ತುಂಬಿಕೊಂಡರು. “ನಂಗೆ ಸೋಮ್ವಾರ ಮಕ್ಕಳು ಬಂದು ಕೂರ್ತವೆ ಕಣಮ್ಮ. ಸ್ಕೂಲಲ್ಲಿ ಸ್ಟೆನ್ಸಿಲ್ ಐತೆ, ನಾಕ್ ಜನ ಕೂತು ಕೊರ್ಕೋತೀವಿ ಬುಡು.” ಅಕ್ಕ ಬಾಗಿಲವರೆಗೂ ಹೋಗಿ ನಿಂತರು. ನನ್ನ ಕಡೆ ತಿರುಗಲಿಲ್ಲ.

ಅವರು ಹೋದ ಮೇಲೆ ಹೊತ್ತೆಷ್ಟಾಯಿತೆಂದು ಪರದೆಯ ಮೂಲೆ ನೋಡಿದೆ. ಅಲ್ಲಿ ೩.೨೦ ಇತ್ತು. ಗೋಡೆಯ ಗಡಿಯಾರದಲ್ಲಿ ಮೂರು. ತಾರೀಖು ನೋಡಿದರೆ ೧೯೮೦, ಜನವರಿ ಒಂದು. ಒಳಗಿನ ಚಿಕ್ಕ ಬ್ಯಾಟರಿ ಸತ್ತಿತ್ತು. ಪ್ರತಿ ಸಲ ಆನ್ ಮಾಡಿದಾಗಲೂ ಯಂತ್ರ ಅದೇ ದಿನದ ಮಧ್ಯರಾತ್ರಿಯಿಂದ ಶುರು ಮಾಡುತ್ತಿತ್ತು. ದಿನಕ್ಕೆ ಮೂರು ಸಲ ತಾರೀಖು ಬರೆಯುವ ನಾನು ಅದರ ತಾರೀಖನ್ನು ಒಮ್ಮೆಯೂ ನೋಡಿರಲಿಲ್ಲ.

೧೯೮೦ರ ಆ ದಿನ ಕೊಟ್ಟು ಹುಡುಕಿದೆ. ೪೧೨ ಫೈಲುಗಳು ಸುರಿದವು. ಅಂಗಡಿಯಲ್ಲಿ ಎಷ್ಟೋ ವಾರ ಮಾಡಿದ ಕೆಲಸವೆಲ್ಲ ಒಂದೇ ದಿನದಲ್ಲಿ ಮಾಡಿದಂತಿತ್ತು. ತಲೆ ಚಚ್ಚಿಕೊಳ್ಳುವ ಹಾಗಾಯಿತು. ಆಮೇಲೆ ಲೆಕ್ಕ ಹಾಕಿದೆ: ಆನ್ ಮಾಡಿದ್ದು ೭.೧೦ಕ್ಕೆ, ಇಳಿದು ಮುಗಿದದ್ದು ೯.೪೦ಕ್ಕೆ. ಹಾಗಾದರೆ ಯಂತ್ರದ ಪಾಲಿಗೆ ಅದು ಮಧ್ಯರಾತ್ರಿ ಕಳೆದು ಎರಡೂವರೆ ಗಂಟೆ. ಪಟ್ಟಿಯನ್ನು ಸಮಯದ ಪ್ರಕಾರ ಜೋಡಿಸಿ ಎರಡೂವರೆಯ ಹತ್ತಿರ ಬಂದೆ. ಒಂದು ಲಗ್ನಪತ್ರಿಕೆ, ಒಂದು ಬಾಡಿಗೆ ಕರಾರು, ಅವುಗಳ ನಡುವೆ ಒಂದು ವಿಚಿತ್ರ ಹೆಸರು. ಮೊದಲಿಗೇ ಯಾವುದೋ ದೇಶದ ನಾಣ್ಯದ ಗುರುತು, ಆಮೇಲೆ ತಲೆಯ ಮೇಲೆ ಗೆರೆ ಇಟ್ಟುಕೊಂಡ ಅಕ್ಷರಗಳು. ಗಾತ್ರ ಮೂರೂವರೆ ಎಂಬಿ. ಅಂಗಡಿಯಲ್ಲಿ ಅಷ್ಟು ದೊಡ್ಡ ಫೈಲು ಇನ್ನೊಂದಿರಲಿಲ್ಲ. ಗಾತ್ರ ಹಿಡಿದೇ ಹುಡುಕಬಹುದಿತ್ತು ಎಂಬುದು ನನಗೆ ಹೊಳೆದದ್ದು ಭಾನುವಾರ.

ಹೆಸರು ಹಾಗೇಕಾಯಿತೆಂದು ಕೀಬೋರ್ಡ್ ನೋಡಿದ ಕೂಡಲೇ ತಿಳಿಯಿತು. ಕನ್ನಡ ಟೈಪ್ ಮಾಡಲು ಒತ್ತಿದ್ದ ಕೀಲಿಯನ್ನು ಮತ್ತೆ ಒತ್ತಿ ಇಂಗ್ಲಿಷಿಗೆ ತರದೆಯೇ ಹೆಸರು ಹೊಡೆದಿದ್ದೆ. ನಾನು ಒತ್ತಿದ್ದು ಇಂಗ್ಲಿಷ್, ಅದು ಬರೆದುಕೊಂಡದ್ದು ಕನ್ನಡ ಫಾಂಟಿನ ಚೂರುಪಾರು. ಹೆಸರು ಕೆಡಿಸಿದ್ದು ಯಂತ್ರವಲ್ಲ, ನಾನು.

೪.೧೫ಕ್ಕೆ ಪ್ರಿಂಟರ್ ಮಾತು ಕೇಳಿತು. ೪.೪೦ಕ್ಕೆ ಏಳೂ ಹಾಳೆ ಹೊರಬಂದವು. ಅಚ್ಚು ಎಷ್ಟು ಚೆನ್ನಾಗಿತ್ತೆಂದರೆ ಅಕ್ಕ ಒತ್ತಕ್ಷರಗಳನ್ನು ಬೆರಳಿನಿಂದ ಮುಟ್ಟಿ ನೋಡಿದರು. “ಗಾಡಿ ಅತ್ತು” ಎಂದು ಮೊಪೆಡ್ ತೆಗೆದರು. ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿಟ್ಟು ಎದೆಗವುಚಿಕೊಂಡು ಹಿಂದೆ ಕೂತೆ. ದಾರಿಯುದ್ದಕ್ಕೂ ಕಬ್ಬಿನ ಗಾಡಿಗಳು. ಹನ್ನೆರಡು ಎಣಿಸಿ ಬಿಟ್ಟೆ.

ಶಾಲೆಯಲ್ಲಿ ನಾಲ್ವರು ಮೇಷ್ಟ್ರುಗಳು ಬೆಂಚಿನ ಮೇಲೆ ಬಗ್ಗಿ, ಮೇಣದ ಹಾಳೆಯಲ್ಲಿ ಒಂದೊಂದೇ ಅಕ್ಷರ ಗೀರಿ ಸ್ಟೆನ್ಸಿಲ್ ಕೊರೆಯುತ್ತಿದ್ದರು. ಹೆಡ್‌ಮೇಷ್ಟ್ರು ನಮ್ಮ ಹಾಳೆಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದರು.

“ಚೆಂದಾಗವೆ. ಆದ್ರೆ ಗಣಿತ, ವಿಜ್ಞಾನ, ಸಮಾಜ ಕೊರ್ದಾಯ್ತಲ್ಲಮ್ಮ. ಮಿಕ್ಕಿದ್ ನಾಕು ಜೆರಾಕ್ಸ್ ಮಾಡ್ಕೊಡು.”

“ಆ ಮೂರ್ನೂವೆ ದುಡ್ಡಿಲ್ದೆ ಮಾಡ್ಕೊಡ್ತೀನಿ ಸಾರ್.”

“ದುಡ್ಡಿನ ಮಾತಲ್ಲ. ಇವ್ರು ಕೈನೋವು ಮಾಡ್ಕೊಂಡು ಕೊರ್ದವ್ರೆ. ಎಸೀರಿ ಅಂತ ಎಂಗೆ ಏಳ್ಲಿ?”

“ಮುಂದಿನ್ ವರ್ಸದ್ದು?”

“ಮುಂದಿನ್ ವರ್ಸ ನೋಡಣ.”

ಅಕ್ಕ ಜೆರಾಕ್ಸಿನ ನಾಲ್ಕನ್ನು ಕವರಿಗೆ ಹಾಕಿ, ಬೇಡವಾದ ಮೂರು ಹಾಳೆ ನನ್ನ ಕೈಗಿತ್ತರು. ವಿಜ್ಞಾನದ ಹಾಳೆಯಲ್ಲಿ ಹೃದಯದ ಚಿತ್ರವನ್ನು ಬಿಡಿಸಲು ನನಗೆ ಒಂದೂಮುಕ್ಕಾಲು ಗಂಟೆ ಹಿಡಿದಿತ್ತು. ಗೇಟು ದಾಟುವಾಗ ಕೀಲಿಯ ಸಂಗತಿ ಹೇಳಿಬಿಟ್ಟೆ. ಮೊಪೆಡ್ ನಿಲ್ಲಿಸಿ ಅವರು ಮೊದಲ ಸಲ ನನ್ನ ಕಡೆ ತಿರುಗಿದರು.

“ಕಂಪ್ಯೂಟ್ರುನ್ನ ಬೆಳಗ್ಗಿಂದ ಬೈದ್ನಲ್ಲೋ ನಾನು,” ಎಂದರು. ಮತ್ತೆ ಗಾಡಿ ಶುರು ಮಾಡಿದರು.